ಬೆಳ್ಳಿ ದರದ ಹಲಗೆಯವರ ಸನ್ನಿಧಿಗೆ

ಗೆ,
ಕೆಂಪಕ್ಷರದಲ್ಲಿ ಬೆಳ್ಳಿ-ಬಂಗಾರದ ದರ ತೋರಿಸುವ ಹಲಗೆಯವರು,
ಮಾಣಿಕಪ್ಪನವರ ಅಂಗಡಿಯ ನೆತ್ತಿ,
ಸರಾಫ ಬಜಾರ, ಕಲಬುರಗಿ.

ಮಾನ್ಯರೇ,

ಜೇವರ್ಗಿ ಕಾಲೋನಿಯ ಅಣವೀರಪ್ಪನ ಶರಣು ಶರಣಾರ್ಥಿಗಳನ್ನು ತಾವು ಇದ್ದಲ್ಲಿಂದಲೇ ಸ್ವೀಕರಿಸಬೇಕು. ಕೆಳಗಿಳಿದು ಬರುವುದು ತಮ್ಮ ಜಾಯಮಾನವಲ್ಲವೆಂಬುದನ್ನು ನಾನು ಬಲ್ಲೆ. ಪದ್ಧತಿಯಂತೆ ಮೊದಲು ತಮ್ಮ ಕ್ಷೇಮಸಮಾಚಾರ ಕೇಳಬೇಕಾಗಿತ್ತು. ಆದರೆ ಕಳೆದ ಐದು ವಾರಗಳಿಂದ ದಿನಕ್ಕೆ ಎರಡು ಸಲ, ರವಿವಾರ ಮಾತ್ರ ಒಂದು ಸಲ, ತಮ್ಮೆದುರು ಬಂದು ನಿಂತು ತಮ್ಮ ಆರೋಗ್ಯವನ್ನು ಖುದ್ದಾಗಿ ನೋಡಿಕೊಂಡು ಹೋಗಿದ್ದೇನಾದ್ದರಿಂದ, ಕೆಟ್ಟಿರುವುದು ನನ್ನ ಆರೋಗ್ಯವೊಂದೇ ಎಂದು ಖಚಿತವಾಗಿ ಹೇಳಬಲ್ಲೆ. ನಮ್ಮ ಕಾಲೇಜಿನಲ್ಲಿ ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ಐ ಬೆಗ್ ಟು' ಎಂದು ಆರಂಭಿಸಲು ಕಲಿಸಿದ್ದರು. 'ಬೆಗ್ ಟು' ಆದ ಮೇಲೆ ಏನು ಬರುತ್ತಿತ್ತೆಂಬುದು ಈಗ ನೆನಪಿಲ್ಲ, ಆದ್ದರಿಂದ ಬೇಡುವಲ್ಲಿಗೇ ನಿಲ್ಲಿಸಿದ್ದೇನೆ.

ಇದನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ತಮ್ಮ ಹೆಸರಿಗೆ ಟಪಾಲು ಹಾಕಿದರೆ ಅದನ್ನು ಅಂಗಡಿಯ ಮಾಲೀಕರಾದ ಮಾಣಿಕಪ್ಪನವರು ಒಡೆಯುತ್ತಾರೆ, ಓದುತ್ತಾರೆ, ಓದಿ ನನ್ನನ್ನು ಒಳಗೆ ಕರೆದು ಕೂರಿಸಿ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನನಗೆ ಈಗಾಗಲೇ ಮೂರು ಸಲ ಆಗಿದೆ. ನಾಲ್ಕನೆಯದನ್ನು ತಡೆದುಕೊಳ್ಳುವ ಶಕ್ತಿ ಈ ವಯಸ್ಸಿನಲ್ಲಿಲ್ಲ.

ತಮ್ಮಂಥವರ ಸಹವಾಸಕ್ಕೆ ನಾನು ಹೊಸಬನೆಂದು ತಾವು ತಿಳಿಯಬಾರದು. ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಕಾಟಾ ಗುಮಾಸ್ತನಾಗಿದ್ದವನು, ಅಂದರೆ ತೊಗರಿ ಹೇರಿಕೊಂಡು ಬಂದ ಲಾರಿಯನ್ನು ತೂಗಿ ಚೀಟಿ ಬರೆದು ಕೊಡುತ್ತಿದ್ದವನು. ತೊಗರಿಯ ಭಾವವೂ ಬೆಳಿಗ್ಗೆ ಒಂದಿದ್ದರೆ ಮಧ್ಯಾಹ್ನ ಒಂದಿರುತ್ತಿತ್ತು; ಆದರೆ ಅದು ಎಂದೂ ಹೀಗೆ ಎತ್ತರದಲ್ಲಿ ಕೂತು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿರಲಿಲ್ಲ. ಯಾರೋ ಒಬ್ಬರು ಬಂದು ಹೇಳುತ್ತಿದ್ದರು, ಹೇಳಿದವರ ಮೇಲೆ ಸಿಟ್ಟು ಮಾಡಬಹುದಾಗಿತ್ತು. ಅದಲ್ಲದೆ ಬಿ.ಎ.ಗೆ ಎಕನಾಮಿಕ್ಸ್ ಓದಿದ್ದೇನೆ, ಸೆಕೆಂಡ್ ಕ್ಲಾಸು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, 'ಅದರ್ ಥಿಂಗ್ಸ್ ರಿಮೇನಿಂಗ್ ದಿ ಸೇಮ್' ಎಂದು ನಮ್ಮ ಸರ್ ಹೇಳುತ್ತಿದ್ದರು. ಆ ಅದರ್ ಥಿಂಗ್ಸ್ ಯಾವುವೆಂದು ಪರೀಕ್ಷೆಗೆ ಕೇಳುವುದಿಲ್ಲವಾದ್ದರಿಂದ ನಾವು ಬಿಟ್ಟುಬಿಟ್ಟೆವು. ಈಗ ಸರಾಫ ಬಜಾರದಲ್ಲಿ ನಿಂತು ನೋಡಿದರೆ ಪ್ರಶ್ನೆಪತ್ರಿಕೆಯ ತುಂಬ ಅವೇ ಇವೆ.

ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಲಲಿತಾಬಾಯಿ ತೀರಿಕೊಂಡು ಎರಡು ವರ್ಷವಾಯಿತು. ಒಬ್ಬಳೇ ಮಗಳು ಪ್ರೀತಿಯನ್ನು ಕಮಲಾಪುರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎಂಬುದು ರಿವಾಜು. ಆದರೆ ತವರಿನಲ್ಲಿ ಕೂಸಿಗೆ ಎರೆಯುವ ಹೆಂಗಸಿಲ್ಲ, ಇರುವ ಗಂಡಸಿಗೆ ಹಾಲನ್ನು ಉಕ್ಕದಂತೆ ಕಾಸಲು ಬರುವುದಿಲ್ಲ ಎಂಬುದನ್ನು ಮನಗಂಡು ನನ್ನ ಬೀಗಿತ್ತಿ ಭುವನೇಶ್ವರಿಯವರು, 'ಇಲ್ಲೇ ಆಗ್ಲಿ ಬಿಡ್ರಿ ಬೀಗರ, ಅಕಿ ನಮಗೂ ಮಗಳೇ ಅಲ್ಲೇನು' ಎಂದು ಎಲ್ಲವನ್ನೂ ತಮ್ಮ ಮೈಮೇಲೆ ಎಳೆದುಕೊಂಡರು. ಹೆಣ್ಣು ಕೂಸು ಹುಟ್ಟಿತು. ಹೀಗಾಗಿ ತವರಿನ ಕಡೆಯಿಂದ ನಾನು ಮಾಡಬೇಕಾದದ್ದು ಒಂದೇ ಒಂದು ಉಳಿಯಿತು: ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಾಲಿಗೆ ಬೆಳ್ಳಿ ಕಡಗ, ನಡುವಿಗೆ ಬೆಳ್ಳಿ ಉಡದಾರ. ಅದಕ್ಕೂ ಪ್ರೀತಿ ಫೋನಿನಲ್ಲಿ ದಾರಿ ಹೇಳಿಕೊಟ್ಟಳು: 'ಅಪ್ಪಾ, ಹೊಸಾದು ತರಬ್ಯಾಡ. ಅವ್ವನ ಕಾಲಚೈನು ಟ್ರಂಕಿನ್ಯಾಗ ಅವ ನೋಡು, ಅವೇ ಕರಗಿಸಿ ಮಾಡಸು. ನಿನ್ನ ಕಣ್ಣೆದುರಿಗೇ ಕರಗಿಸಬೇಕು ಮತ್ತ. ಅಂಗಡ್ಯಾಗ ಕೊಟ್ಟು ಎದ್ದು ಬರಬ್ಯಾಡ.'

ತಾವು ಎತ್ತರದಲ್ಲಿರುವವರು, ಅಂಗಡಿಯ ಹಿಂದಿನ ಕುಲುಮೆ ತಮಗೆ ಕಾಣಲಿಕ್ಕಿಲ್ಲವೆಂದು ಒಂದು ಮಾತು ತಿಳಿಸುತ್ತೇನೆ. ನಮ್ಮ ಕಡೆ ಮನೆತನದ ಬೆಳ್ಳಿಯನ್ನು ಕರಗಿಸುವಾಗ ಮನೆಯವರೊಬ್ಬರು ಪತ್ತಾರರ, ಅಂದರೆ ಅಕ್ಕಸಾಲಿಗರ, ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಅದು ಕರಗಿ, ಆರಿ, ಬಡಿಸಿಕೊಂಡು, ಹೊಸ ರೂಪ ತಾಳುವವರೆಗೆ ಊಟಕ್ಕೂ ಏಳುವುದಿಲ್ಲ. ಪತ್ತಾರರ ಮೇಲೆ ಅಪನಂಬಿಕೆಯೆಂದಲ್ಲ. ಅದೇ ಬೆಳ್ಳಿ ಮರಳಿ ಮನೆಗೆ ಬರಬೇಕು, ತೂಕಕ್ಕೆ ತೂಕ ಬೇರೆಯದಲ್ಲ, ಎಂಬ ಹಟ. ಲಲಿತಾಬಾಯಿಯ ಅವ್ವನ ಕಾಲಲ್ಲಿದ್ದದ್ದು ಲಲಿತಾಬಾಯಿಯ ಕಾಲಿಗೆ ಬಂದದ್ದು ಹಾಗೆಯೇ. ಹದಿನೆಂಟು ತೊಲೆ. ಅದು ಮೊಮ್ಮಗಳ ಕಾಲಿಗೆ ಹೋಗಬೇಕು, ನಡುವೆ ಕೂತು ನೋಡಬೇಕಾದವನು ನಾನು. ಕೆಲಸ ಇಷ್ಟೇ, ಕೂರುವುದು. ನಿವೃತ್ತನಾದವನಿಗೆ ಇದಕ್ಕಿಂತ ತಕ್ಕ ಕೆಲಸವನ್ನು ಸರಕಾರವೂ ಹುಡುಕಿ ಕೊಡಲಾರದು.

ಅಂದು ಮಂಗಳವಾರ. ಕಳ್ಳರಿಗೆ ಸಂಶಯ ಬರಬಾರದೆಂದು ಚೈನುಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮಾಣಿಕಪ್ಪನವರ ಅಂಗಡಿಗೆ ಬಂದೆ. ಪತ್ತಾರರು ಉಣ್ಣಲು ಹೋಗಿದ್ದಾರೆ, ಅರ್ಧ ಗಂಟೆ ಕಾಯಬೇಕು ಎಂದರು. ಮಾನ್ಯರೇ, ನನ್ನನ್ನು ಕೆಡಿಸಿದ್ದು ಆ ಅರ್ಧ ಗಂಟೆ. ಎದುರಿಗೆ ಗುಫ್ರಾನರ ಚಹಾದ ಅಂಗಡಿಯಿದೆ. ಅದರ ಬೆಂಚಿನ ಮೇಲೆ ಕೂತರೆ ತಾವು ಅಂಚಿನಿಂದ ಅಂಚಿಗೆ ಕಾಣುತ್ತೀರಿ. ಆ ಬೆಂಚಿನ ಮೇಲೆ ಕೂತ ಯಾರೂ ತಮಗೆ ಬೆನ್ನು ತಿರುಗಿಸುವುದಿಲ್ಲ. ನಿನ್ನೆ ಕೊಂಡವರು ತಾವು ಏರಲೆಂದು, ನಾಳೆ ಕೊಳ್ಳುವವರು ತಾವು ಇಳಿಯಲೆಂದು, ಒಂದೇ ಕಿಟ್ಲಿಯ ಚಹಾ ಕುಡಿಯುತ್ತ, ಮೊಳಕೈಗೆ ಮೊಳಕೈ ತಾಗಿಸಿ ಕೂತು ಒಳಗೊಳಗೇ ಹರಕೆ ಹೊರುತ್ತಾರೆ. ತಮ್ಮ ಎಂಟರಲ್ಲಿ ಒಂದು ಗೆರೆ ಹತ್ತುವುದಿಲ್ಲವಾದ್ದರಿಂದ ಅದು ಆರರಂತೆ ಕಾಣುತ್ತದೆ. ಆ ಆರನ್ನು ನಂಬಿ ರಸ್ತೆ ದಾಟಿ ಓಡಿದವರಿಗೆಲ್ಲ ಮಾಣಿಕಪ್ಪನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ 'ಅದು ಎಂಟರೀ, ಎಂಟು' ಎಂದು ಕೂಗಿ ಹೇಳುವುದು ಬಜಾರಕ್ಕೆಲ್ಲ ಅಭ್ಯಾಸವಾಗಿದೆ. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಇಡೀ ಸರಾಫ ಬಜಾರದಲ್ಲಿ ಗಿರಾಕಿಗೆ ಕ್ಷಣಮಾತ್ರವಾದರೂ ರಿಯಾಯಿತಿ ಕೊಡುವವರು ತಾವೊಬ್ಬರೇ.

ಅಂದು ತಾವು ತೊಲೆಗೆ ಎರಡು ಸಾವಿರ ಎಂದು ಬೆಳಗುತ್ತಿದ್ದಿರಿ. ಗುಫ್ರಾನರು ಬಸಿಯಲ್ಲಿ ಚಹಾ ಸುರಿಯುತ್ತ, 'ಹದಿನೈದು ದಿನದಾಗ ಮುನ್ನೂರು ಏರ್ಯಾದ ಸಾಹೇಬ್ರ! ಅಬ್ ಗಿರ್ತಾಚ್ ದೇಖೋ, ಇನ್ನ ಬೀಳೂದೇ. ಇವತ್ತು ಮಾರ್ದವ ಶಾಣ್ಯಾ, ಇವತ್ತು ತಗೊಂಡವ ಹುಚ್ಚ' ಎಂದರು. ಆ ಮನುಷ್ಯನ ಮೇಲೆ ನನ್ನ ದೂರಿಲ್ಲ; ಅವರು ಎಲ್ಲ ಬೆಂಚಿನವರಿಗೂ ಅವರವರ ಮುಖ ನೋಡಿ ಹೀಗೆಯೇ ಏನಾದರೊಂದು ಹೇಳಿ ಎರಡನೆಯ ಚಹಾ ಕುಡಿಸುತ್ತಾರೆ. ಆದರೆ ಅದನ್ನು ಕೇಳಿದ ಕೂಡಲೇ ನನ್ನೊಳಗಿನ ಸೆಕೆಂಡ್ ಕ್ಲಾಸು ಎದ್ದು ನಿಂತಿತು. ಇಂದು ಮಾರುವುದು, ಹತ್ತು ದಿನ ಬಿಟ್ಟು ತಾವು ಇಳಿದಾಗ ಅದೇ ದುಡ್ಡಿಗೆ ಕಡಗ, ಉಡದಾರ, ಜೊತೆಗೆ ಒಂದು ಬಟ್ಟಲನ್ನೂ ಕೊಳ್ಳುವುದು. ಬೆಳ್ಳಿಯೆಲ್ಲ ಬೆಳ್ಳಿಯೇ, ಕೂಸಿಗೇನು ಗೊತ್ತು. ಹೀಗೆ ಮಾಡುವವನನ್ನು ಇಂಗ್ಲಿಷಿನಲ್ಲಿ 'ಬುಲ್' ಎನ್ನುತ್ತಾರೋ 'ಬೇರ್' ಎನ್ನುತ್ತಾರೋ ಈಗ ನೆನಪಾಗುತ್ತಿಲ್ಲ; ಎರಡರಲ್ಲಿ ಯಾವುದೋ ಒಂದು ಪ್ರಾಣಿಯಾಗಿ ನಾನು ರಸ್ತೆ ದಾಟಿದೆ.

ಮಾಣಿಕಪ್ಪನವರು ತಕ್ಕಡಿ ಮುಟ್ಟಲಿಲ್ಲ. 'ಅಣವೀರಪ್ಪನವರ, ಕರಗಸ್ತೀನಿ ಅಂತ ಬಂದೀರಿ, ಮಾರ್ತೀನಿ ಅಂತೀರಿ. ಒಮ್ಮೆ ಮನಿಯಾಗ ಕೇಳಿ ಬರ್ರಿ' ಎಂದರು. 'ಮನಿಯಾಗ ನಾನೊಬ್ಬನೇ ಇರ್ತೀನಿ, ಕೇಳೀನಿ, ಹೂಂ ಅಂದಾನ' ಎಂದೆ. ಈ ಉತ್ತರ ಬಹಳ ಚುರುಕಾಗಿದೆ ಎಂದು ಅಂದು ನನಗೇ ಹೆಮ್ಮೆಯಾಗಿತ್ತು. ಹಳೆಯ ಬೆಳ್ಳಿಯೆಂದು ನೂರಕ್ಕೆ ಇಪ್ಪತ್ತು ಕಡಿದು ಇಪ್ಪತ್ತೆಂಟು ಸಾವಿರದ ಎಂಟುನೂರು ಕೊಟ್ಟರು. ಊಟದ ಡಬ್ಬಿಯಲ್ಲಿ ಚೈನು ಹೋಗಿ ನೋಟು ಬಂತು. ಸಂಜೆ ಅಂಗಡಿಯ ಹಳೆ ಬೆಳ್ಳಿಯೆಲ್ಲ ಒಟ್ಟಾಗಿ ಗಟ್ಟಿಯಾಗಲು ಹೈದರಾಬಾದಿಗೆ ಹೋಯಿತಂತೆ, ಅದರೊಂದಿಗೆ ಇದೂ.

ಬುಧವಾರ ತಾವು ಐವತ್ತು ರೂಪಾಯಿ ಏರಿದಿರಿ. ದೊಡ್ಡವರ ಸಣ್ಣ ತಮಾಷೆ ಎಂದುಕೊಂಡೆ. ಗುರುವಾರ ಎಂಬತ್ತು. ಶುಕ್ರವಾರ ಮೂವತ್ತು ಇಳಿದಿರಿ. ಆ ಮೂವತ್ತರ ಸಂತೋಷದಲ್ಲಿ ನಾನು ಬೆಂಚಿನವರಿಗೆಲ್ಲ ಚಹಾ ಕುಡಿಸಿ, 'ಚಾಲೂ ಆತು ನೋಡ್ರಿ' ಎಂದು ಘೋಷಿಸಿದೆ. ಶನಿವಾರ ನೂರಿಪ್ಪತ್ತು ಏರಿ ಆ ಚಹಾದ ಖರ್ಚನ್ನೂ ತಾವು ವಸೂಲು ಮಾಡಿದಿರಿ. ಯಾಕೆ ಏರುತ್ತೀರೆಂದು ಕೇಳಿದರೆ ಬಜಾರದಲ್ಲಿ ಉತ್ತರಕ್ಕೆ ಬರವಿಲ್ಲ: ಒಬ್ಬರು ಯುದ್ಧವೆಂದರು, ಒಬ್ಬರು ಡಾಲರೆಂದರು, ಒಬ್ಬರು ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳಿಗೆ ಬೆಳ್ಳಿ ಬೇಕಂತೆ ಎಂದರು. ಬಿಸಿಲಿನ ಮಾತು ಬಂದರೆ ಕಲಬುರಗಿಯವನಾದ ನಾನು ತಲೆಬಾಗಲೇಬೇಕು. ಒಟ್ಟಿನಲ್ಲಿ ನಾನು ಹೆಸರು ಹೇಳಲಾರದ ಊರಿನಲ್ಲಿ ಯಾರೋ ಒಬ್ಬರು ನಿಂತು ಭಾಷಣ ಮಾಡಿದರೆ ಇಲ್ಲಿ ನನ್ನ ಮೊಮ್ಮಗಳ ಉಡದಾರ ಒಂದು ಬೆರಳು ಗಿಡ್ಡವಾಗುತ್ತಿತ್ತು.

ತಮ್ಮ ಸಹವಾಸ ನನ್ನ ನಿತ್ಯದ ಬಾಳಿಗೂ ಹತ್ತಿತೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಉಳ್ಳಾಗಡ್ಡಿ ಕಿಲೋಗೆ ನಲವತ್ತಿದ್ದಾಗ, ನಾಳೆ ಮೂವತ್ತೈದಾಗುತ್ತದೆಂದು ಕೊಳ್ಳದೆ ಬಂದೆ. ನಾಲ್ಕು ದಿನ ಉಳ್ಳಾಗಡ್ಡಿಯಿಲ್ಲದ ಪಲ್ಯ ತಿಂದು ಐದನೆಯ ದಿನ ಐವತ್ತಕ್ಕೆ ಕೊಂಡೆ. ಬನಿಯನ್ನು ಆಷಾಢದ ಸೇಲಿಗೆ ತೆಗೆದುಕೊಳ್ಳೋಣವೆಂದು ಕಾದೆ. ಇದ್ದದ್ದು ಕಾಯಲಿಲ್ಲ, ಹರಿಯಿತು. ಹಾಲಿನವಳಿಗೂ ಒಂದು ಬೆಳಿಗ್ಗೆ 'ಇವತ್ತು ಎಷ್ಟದ?' ಎಂದು ಕೇಳಿಬಿಟ್ಟೆ. ಆಕೆ ನನ್ನ ಮುಖವನ್ನು ನೋಡಿ, 'ನಿನ್ನಿದೇ ಅದ ಕಾಕಾ, ಆರಾಮ ಇದ್ದೀರಿಲ್ಲ?' ಎಂದಳು.

ನಡುನಡುವೆ ಕಮಲಾಪುರದಿಂದ ಫೋನು. 'ಅಪ್ಪಾ, ಕರಗಿಸಿದೇನು?' ಎಂದು ಪ್ರೀತಿ. ಪತ್ತಾರರಿಗೆ ಜ್ವರ ಎಂದೆ. ಮುಂದಿನ ವಾರ ಕಾಲು ಉಳುಕಿದೆ ಎಂದೆ. ಅದರ ಮುಂದಿನ ವಾರ ಮತ್ತೆ ಜ್ವರ. ಪಾಪ, ಆ ಪತ್ತಾರರು ಕುಲುಮೆಯ ಮುಂದೆ ಗುಂಡುಕಲ್ಲಿನಂತೆ ಕೂತಿದ್ದರು. ಒಂದು ದಿನ ಅವರನ್ನು ಚಹಾದ ಅಂಗಡಿಯಲ್ಲಿ ಕಂಡು ನಾನೇ ಮರೆತು, 'ಜ್ವರಾ ಹ್ಯಾಂಗದರಿ?' ಎಂದು ಕೇಳಿದೆ. ಪ್ರೀತಿ ಮಾತ್ರ, 'ಅವ್ವಂದು ಅದ ಅಂತ ನಾ ಇಲ್ಲಿ ಎಲ್ಲಾರಿಗಿ ಹೇಳೀನಿ ಅಪ್ಪಾ, ಹೊತ್ತಿಗಿ ತಾ' ಎಂದಷ್ಟೇ ಹೇಳಿ ಫೋನು ಇಟ್ಟಳು.

ಈಗ ಬೇಡಿಕೆಗಳು. ಇವನ್ನು ನಾನು ಆ ಐದು ವಾರಗಳಲ್ಲಿ ಬೆಂಚಿನ ಮೇಲೆ ಕೂತೇ ಯೋಚಿಸಿದ್ದು, ಆದ್ದರಿಂದ ಇವುಗಳಲ್ಲಿ ಚಹಾದ ವಾಸನೆ ಬಂದರೆ ಮನ್ನಿಸಬೇಕು. ತಾವು ಇಷ್ಟೊಂದು ದುಡಿಯುತ್ತೀರಿ, ವಾರದಲ್ಲಿ ಒಂದು ದಿನ ರಜೆ ತೆಗೆದುಕೊಳ್ಳಬಾರದೇಕೆ. ಅಂದು ಒಂದೇ ಅಂಕಿಯನ್ನು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಮಲಗಬಹುದು, ನಾವೂ ಮನೆಯಲ್ಲಿ ಮಲಗುತ್ತೇವೆ. ಅದು ಆಗದಿದ್ದರೆ, ಮಾರಲು ಬಂದವನಿಗೆ ಏರಿದ ಅಂಕಿಯೂ ಕೊಳ್ಳಲು ಬಂದವನಿಗೆ ಇಳಿದ ಅಂಕಿಯೂ ಕಾಣುವಂತೆ ಇನ್ನೊಂದು ಮುಖವನ್ನು ಬೆನ್ನಿಗೆ ಹಚ್ಚಿಸಿಕೊಳ್ಳಬಹುದು. ಇದರಲ್ಲಿ ಮಾಣಿಕಪ್ಪನವರಿಗೆ ಆಗುವ ಸಣ್ಣಪುಟ್ಟ ಲುಕ್ಸಾನನ್ನು ಅವರು ಸಮಾಧಾನ ಹೇಳುವ ತಮ್ಮ ಶಕ್ತಿಯಿಂದ ತಾವೇ ತುಂಬಿಕೊಳ್ಳಬಲ್ಲರು. ಅದೂ ಆಗದಿದ್ದರೆ ಕಡೆಯದೊಂದು. ಆ ಮಂಗಳವಾರದ ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗಿನ ಅರ್ಧ ಗಂಟೆಗೆ, ನನ್ನೊಬ್ಬನ ಮಟ್ಟಿಗೆ, ಹಿಂದಕ್ಕೆ ಹೋಗಿ ನಿಲ್ಲಬೇಕು. ದರ ಯಾವುದಿದ್ದರೂ ನಡೆದೀತು. ನಾನು ತಮ್ಮ ಕಡೆ ತಲೆಯೆತ್ತಿಯೂ ನೋಡದೆ ಒಳಗೆ ಹೋಗಿ ಕುಲುಮೆಯ ಮುಂದೆ ಕೂರುತ್ತೇನೆ.

ತಾವು ಹೋಗಲಿಲ್ಲ. ತೊಟ್ಟಿಲು ಸೋಮವಾರವೆಂದು ಗೊತ್ತಾಗಿತ್ತು; ಹಿಂದಿನ ದಿನ ರವಿವಾರ, ಇನ್ನು ಕಾಯಲು ದಿನವೇ ಇಲ್ಲವೆಂದಾದ ಮೇಲೆ, ನಾನು ಅಂಗಡಿಗೆ ಬಂದೆ. ತಾವು ಎರಡು ಸಾವಿರದ ಆರುನೂರು ಎಂದು ಮಿನುಗುತ್ತಿದ್ದಿರಿ. ಈ ಸಲ ಅದು ನಿಜವಾದ ಆರೇ ಎಂದು ಮಾಣಿಕಪ್ಪನವರು ನನ್ನ ಸಮಾಧಾನಕ್ಕಾಗಿ ಹೇಳಿದರು. ಲಲಿತಾಬಾಯಿಯ ಹದಿನೆಂಟು ತೊಲೆಯ ದುಡ್ಡಿಗೆ ಮಜೂರಿ ಸೇರಿ ಹತ್ತು ತೊಲೆಯೂ ಬರಲಿಲ್ಲ. ಪಿಂಚಣಿಯಿಂದ ಒಂದಿಷ್ಟು ಸೇರಿಸಿ ಯಂತ್ರದಲ್ಲಿ ಮಾಡಿದ ಒಂದು ಜೊತೆ ಕಡಗ, ಒಂದು ಸಣಕಲು ಉಡದಾರ ಕೊಂಡೆ. ಕಡಗದ ಒಳಮೈಯಲ್ಲಿ ಒಂಬೈನೂರ ಇಪ್ಪತ್ತೈದು ಎಂದು ಶುದ್ಧತೆಯ ಸಣ್ಣ ಸೀಲು ಬಿದ್ದಿತ್ತು. ಪತ್ತಾರರು ಕೈಯಿಂದ ಮಾಡಿದ ಮನೆಯ ಬೆಳ್ಳಿಗೆ ಆ ಸೀಲು ಇರುವುದಿಲ್ಲ, ಅದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. 'ಈ ಸೀಲು ತಗಿಲಾಕ ಬರ್ತದೇನ್ರಿ?' ಎಂದು ಕೇಳಿದೆ. ಮಾಣಿಕಪ್ಪನವರು ಕನ್ನಡಕ ಕೆಳಗಿಳಿಸಿ, 'ಅಣವೀರಪ್ಪನವರ, ಇಷ್ಟು ವರ್ಷದಾಗ ಸೀಲ್ ಹಾಕಿ ಕೊಡ್ರಿ ಅಂದವರು ಬಂದಾರ. ತಗದು ಕೊಡ್ರಿ ಅಂದವರು ನೀವೇ ಮೊದಲು' ಎಂದರು.

ಕಮಲಾಪುರದಲ್ಲಿ ಎಲ್ಲವೂ ಸಾಂಗವಾಗಿತ್ತು. ಬೀಗರ ಹೊಲದ ಕೆಂಪು ಬಾಳೆಯ ಗೊನೆಗಳನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಕೂಸಿನ ಕಿವಿಯಲ್ಲಿ ನಾಲ್ಕು ಹೆಸರು ಕೂಗಿದರು, ಅದು ಒಂದಕ್ಕೂ ಕಣ್ಣು ಬಿಡಲಿಲ್ಲ. ನಾನು ಡಬ್ಬಿ ತೆರೆದು ಕೊಟ್ಟೆ. ಪ್ರೀತಿ ಕಡಗಗಳನ್ನು ನೋಡಲೇ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಕೆನ್ನೆಗೆ ಒತ್ತಿಕೊಂಡು, ಕೂಡಿದ ಹೆಂಗಸರಿಗೆಲ್ಲ ಕೇಳುವಂತೆ, 'ನಮ್ಮವ್ವಂದು' ಎಂದಳು. ಮಾನ್ಯರೇ, ಆ ಹೊತ್ತಿಗೆ ತಾವು ಎಷ್ಟರಲ್ಲಿದ್ದಿರೋ ಕಾಣೆ; ನಾನು ಬಹಳ ಕೆಳಗಿದ್ದೆ.

ಕೂಸಿನ ಕಾಲಿಗೆ ತೊಡಿಸಲು ಭುವನೇಶ್ವರಿಯವರು ಕಡಗ ಇಸಿದುಕೊಂಡರು. ಅವರ ಹೆಬ್ಬೆರಳು ಒಳಮೈಯ ಮೇಲೆ ಹೋಗಿ ಒಂದು ಕಡೆ ನಿಂತಿತು. ಇನ್ನೊಂದು ಕಡಗದಲ್ಲೂ ಅಲ್ಲಿಯೇ ನಿಂತಿತು. ನನ್ನ ಕಡೆ ಒಂದು ಸಲ ನೋಡಿದರು. ನಾನು ಬಾಳೆಗೊನೆಯ ಕಡೆ ನೋಡಿದೆ. ಆಮೇಲೆ ಅವರು ದನಿ ಎತ್ತಿ, 'ಏ, ಕರಿದಾರ ತರ್ರೆ ಯಾರರ. ಎಷ್ಟು ಹೊಳೀಲಾಕತ್ಯಾವ ನೋಡ್ರಿ, ಕೂಸಿಗಿ ದೃಷ್ಟಿ ಆಗ್ತದ' ಎಂದರು. ದಾರ ಬಂತು. ಎರಡೂ ಕಡಗಗಳಿಗೆ ಸರಿಯಾಗಿ ಸೀಲು ಇದ್ದಲ್ಲಿಯೇ ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ ಗಂಟು ಹಾಕಿ, ಕೂಸಿನ ಕಾಲಿಗೆ ತೊಡಿಸಿದರು.

ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಹೋಳಿಗೆ ಹಾಕಲು ಅವರೇ ಬಂದರು. ತುಪ್ಪ ಸುರಿಯುತ್ತ ಸಣ್ಣ ದನಿಯಲ್ಲಿ, 'ಬೀಗರ, ದಾರ ಅಂದ್ರ ದಾರ. ಕೂಸಿಗಿ ದಿನಾ ಎರೀತೀವಿ, ತಿಂಗಳದಾಗ ಸವದು ಹೋಗ್ತದ. ಅಷ್ಟರಾಗ ನೀವೇ ಹೇಳಿಬಿಡ್ರಿ. ನಾ ಹೇಳಾಂಗಿಲ್ಲ' ಎಂದರು. ನಾನು ಏನೋ ಹೇಳಲು ಹೋದೆ, ತಮ್ಮ ವಿಷಯವನ್ನೂ ಎತ್ತಿದೆ. 'ನಮ್ಮ ಬಾಳಿಕಾಯಿ ನೋಡ್ರಿ, ಹಣ್ಣಾದ ದಿನಾ ಮಾರಬೇಕು, ರೇಟ್ ಏನರ ಇರ್ಲಿ. ಇಲ್ಲಾಂದ್ರ ಕೊಳೀತದ. ನಿಮ್ಮ ಬೆಳ್ಳಿ ಕೊಳಿಯಾಂಗಿಲ್ಲ, ಅದಕ್ಕೇ ನಿಮಗ ಇಷ್ಟು ತ್ರಾಸು. ಇನ್ನೊಂದು ಹಾಕ್ಲೇನು?' ಎಂದು ಇನ್ನೊಂದು ಹೋಳಿಗೆ ಹಾಕಿ ಮುಂದಿನ ಎಲೆಗೆ ಹೋದರು.

ತಪ್ಪೊಪ್ಪಿಕೊಳ್ಳಲು ಒಂದು ತಿಂಗಳ ವಾಯಿದೆ ಸಿಕ್ಕಿತು. ಹೋಳಿಗೆ ಮುರಿಯುತ್ತ ಯೋಚಿಸಿದೆ: ಇಂದು ಹೇಳುವುದೋ, ಹದಿನೈದು ದಿನ ತಡೆದು ಹೇಳುವುದೋ? ಇಂದು ಮನೆ ತುಂಬ ಜನ, ಸಿಟ್ಟು ಮೇಲೇರಿರುತ್ತದೆ. ಹದಿನೈದು ದಿನದಲ್ಲಿ ಕೂಸು ನಗಲು ಕಲಿತ ಮೇಲೆ ಹೇಳಿದರೆ ಇಳಿದಿರಬಹುದು. ಆದರೆ ಅಷ್ಟರಲ್ಲಿ ದಾರ ಬಿಚ್ಚಿಕೊಂಡು ಆಕೆಗೇ ಗೊತ್ತಾದರೆ ಎಲ್ಲಿಗೆ ಏರಿ ನಿಲ್ಲುತ್ತದೆಂದು ಹೇಳಲಾಗದು. ಹೀಗೆ ಲೆಕ್ಕ ಹಾಕುತ್ತ ಹಾಕುತ್ತ, ನಾನು ಗುಫ್ರಾನರ ಬೆಂಚಿನ ಮೇಲೆ ಕೂತವನಂತೆಯೇ ಕೂತಿದ್ದೇನೆಂಬುದು ಹೊಳೆದು ನನಗೇ ಹೆದರಿಕೆಯಾಯಿತು. ಎರಡನೆಯ ಹೋಳಿಗೆಯನ್ನು ಬಿಟ್ಟು ಎದ್ದು, ಕೈ ತೊಳೆದವನೇ ಬಾಣಂತಿಯ ಕೋಣೆಗೆ ಹೋಗಿ ಹೇಳಿಬಿಟ್ಟೆ.

ಪ್ರೀತಿ ಮೊದಲು ಕೇಳಿದ್ದು, 'ಎಷ್ಟಕ್ಕ ಮಾರಿದಿ?' ಎಂದು. ಎರಡು ಸಾವಿರ ಎಂದೆ. 'ಈಗೆಷ್ಟದ?' ಹೇಳಿದೆ. 'ಅಂದ್ರ ಇದರಾಗ ಅವ್ವಂದು ಒಂದು ಗುಂಜಿನೂ ಇಲ್ಲ?' ಇಲ್ಲ ಎಂದೆ. 'ಪತ್ತಾರಗ ಜ್ವರಾ ಬಂದಿದ್ದು?' ಅವರು ಗಟ್ಟಿಮುಟ್ಟಾಗಿದ್ದಾರೆ ಎಂದೆ. ಆಕೆ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಭುಜ ಅಲುಗಾಡಿತು. ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಸೆರಗು ತೆಗೆದಾಗ ಎರಡೂ ಇದ್ದವು. 'ಅವ್ವ ನಿನಗ ಸರಾಫ ಬಜಾರಕ್ಕ ಒಬ್ಬನ್ನೇ ಯಾಕ ಕಳಸ್ತಿರಲಿಲ್ಲ ಅಂತ ಇವತ್ತು ತಿಳೀತು ನನಗ' ಎಂದಳು.

ಆಮೇಲೆ ಕೂಸಿನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒಂದು ಕಡಗದ ದಾರವನ್ನು ಬಿಚ್ಚತೊಡಗಿದಳು. ಹತ್ತೂ ಸುತ್ತು ಬಿಚ್ಚಿ ಸೀಲನ್ನು ನೋಡಿದಳು. ಉಗುರಿನಿಂದ ಒಮ್ಮೆ ಗೀರಿ ನೋಡಿದಳು. ಮತ್ತೆ ಅದೇ ದಾರವನ್ನು ಅಲ್ಲಿಗೇ ಸುತ್ತಲಾರಂಭಿಸಿ, 'ಹಿಡಿ ಇಲ್ಲಿ, ಕಾಲು ಝಾಡಸ್ತಾಳ' ಎಂದಳು. ನಾನು ಹಿಡಿದೆ. ಆ ಕಾಲು ನನ್ನ ಎರಡು ಬೆರಳಿನ ದಪ್ಪವೂ ಇಲ್ಲ, ಆದರೆ ಒದೆತ ಚೆನ್ನಾಗಿದೆ. ಅತ್ತೆ ಒಂದು ಗಂಟು ಹಾಕಿದ್ದರು. ಪ್ರೀತಿ ಎರಡು ಹಾಕಿದಳು.

ಮಾನ್ಯರೇ, ತಮ್ಮ ಮೇಲೆ ನನಗೆ ದ್ವೇಷವಿಲ್ಲ. ತಾವು ಎಂದೂ ನನಗೆ ಮಾರು ಎನ್ನಲಿಲ್ಲ, ಕೊಳ್ಳು ಎನ್ನಲಿಲ್ಲ, ಅಂಕಿಯಷ್ಟೇ ತೋರಿಸಿದಿರಿ, ಉಳಿದದ್ದನ್ನೆಲ್ಲ ಬಿ.ಎ. ಮಾಡಿದ ನಾನೇ ಸೇರಿಸಿಕೊಂಡೆ. ಆದರೂ ಮೇಲೆ ಕೂತವರಿಗೆ ಒಂದು ದೂರು ಬರೆಯದೆ ಸುಮ್ಮನಿದ್ದರೆ ನಾಗರಿಕನ ಧರ್ಮಕ್ಕೆ ಲೋಪವಾದೀತೆಂದು ಇಷ್ಟು ಬರೆದಿದ್ದೇನೆ. ಹೈದರಾಬಾದಿನ ಆ ಗಟ್ಟಿ ಈಗ ಯಾವ್ಯಾವ ಊರಿನ ಯಾರ್ಯಾರ ಕಾಲಲ್ಲಿದೆಯೋ, ಅವರು ಯಾರೇ ಇರಲಿ, ನಿಧಾನವಾಗಿ ನಡೆಯಲಿ. ಅದರಲ್ಲಿ ಲಲಿತಾಬಾಯಿಯದು ಸ್ವಲ್ಪ ಇದೆ. 'ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಷನ್ ಆಫ್' ಎಂದು ಮುಗಿಸಬೇಕು. ಯಾವುದರ ಆಂಟಿಸಿಪೇಷನ್ ಎಂಬುದನ್ನು ತಾವೇ ತುಂಬಿಕೊಳ್ಳಬೇಕಾಗಿ ವಿನಂತಿ.

ಇಂದಿನ ದರದಂತೆ
ತಮ್ಮ ವಿಶ್ವಾಸಿ,
ಅಣವೀರಪ್ಪ, ಬಿ.ಎ.,
ನಿವೃತ್ತ ಕಾಟಾ ಗುಮಾಸ್ತ,
ಜೇವರ್ಗಿ ಕಾಲೋನಿ, ಕಲಬುರಗಿ.

ವಿ.ಸೂ.: ಕೂಸಿಗೆ ಮೊದಲ ತುತ್ತು ಉಣಿಸುವ ದಿನ ಬೆಳ್ಳಿ ಬಟ್ಟಲೂ ತವರಿನಿಂದಲೇ ಬರಬೇಕಂತೆ, ಅದಕ್ಕಿನ್ನೂ ನಾಲ್ಕು ತಿಂಗಳಿದೆ. 'ನಾಳೇನೇ ಹೋಗಿ ತಗೊ, ಹಲಗಿ ಕಡಿ ನೋಡಬ್ಯಾಡ' ಎಂದು ಪ್ರೀತಿ ಆಣೆ ಹಾಕಿ ಕಳಿಸಿದ್ದಾಳೆ. ಅದರಂತೆ ಇಂದು ಮಧ್ಯಾಹ್ನ ಕಣ್ಣನ್ನು ನೆಲಕ್ಕೆ ಕೀಲಿಸಿಕೊಂಡು ಅಂಗಡಿಯ ಮೆಟ್ಟಿಲವರೆಗೆ ಹೋಗಿದ್ದೆ. ಹಿಂದಿನಿಂದ ಗುಫ್ರಾನರು, 'ಸಾಹೇಬ್ರ, ನೂರಾ ಅರವತ್ತು ಬಿದ್ದಾದ!' ಎಂದು ಕೂಗಿದರು. ಬಟ್ಟಲು ಕೊಳ್ಳದೆ ಮರಳಿದ್ದೇನೆ. ನಾಳೆಯೂ ಬೀಳುವ ವಿಚಾರ ತಮಗಿದ್ದರೆ ಗುಟ್ಟಾಗಿ ನನಗೊಬ್ಬನಿಗೇ ತಿಳಿಸುವುದು. ಮತ್ತು ಈ ಬಹಿರಂಗ ಪತ್ರದ ಇಷ್ಟು ಭಾಗವನ್ನು ಕಮಲಾಪುರದವರು ದಯವಿಟ್ಟು ಓದಬಾರದು.